ಆರ್ಕೆಸ್ಟ್ರಾ ಆಡಿಷನ್‌ಗೆ ಮೊಜಾರ್ಟ್ ಸಾಕೇ, ಚೈಕೋವ್‌ಸ್ಕಿಯೇ ಬೇಕೇ?

ಆಡಿಷನ್‌ಗೆ ಮೊಜಾರ್ಟ್‌ನ ಪಿಟೀಲು ಕಾನ್ಚೆರ್ಟೊ (ಒಂಟಿ ವಾದ್ಯ ಮುಂದೆ ನಿಂತು ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ) ಸಾಕೇ, ಇನ್ನೂ ಕಷ್ಟದ ಚೈಕೋವ್‌ಸ್ಕಿಯದೇ ಬೇಕೇ ಎಂದು ಕೇಳಿದ್ದೀರಿ. ಮಂಗಳೂರಿನ ಬೆಂದೂರಿನ ಮನೆಯಲ್ಲಿ ಕುಳಿತು ನಾನೂ ಒಂದು ಕಾಲದಲ್ಲಿ ಇದೇ ಲೆಕ್ಕ ಹಾಕಿದ್ದೆ. ಹತ್ತು ವರ್ಷ ಇಗರ್ಜಿಯಲ್ಲಿ, ಮದುವೆ ಮತ್ತು ರೋಸ್ (ಮದುವೆಯ ಮುನ್ನಾದಿನದ ಶಾಸ್ತ್ರ) ಮನೆಗಳಲ್ಲಿ ಪಿಟೀಲು ನುಡಿಸಿದ ಧೈರ್ಯವಿತ್ತು. ಮುಂಬೈಯ ಆರ್ಕೆಸ್ಟ್ರಾವೊಂದು ಕರೆದಾಗ ಕೈಯಲ್ಲಿದ್ದದ್ದು ಏಳು ವಾರ. ಐದು ವಾರವನ್ನು ಕಾನ್ಚೆರ್ಟೊಗೇ ಸುರಿದೆ: ಮೊಜಾರ್ಟ್ 1775ರಲ್ಲಿ ಬರೆದ ಐದನೆಯದು. ಉಳಿದದ್ದನ್ನೆಲ್ಲ ರಿಚರ್ಡ್ ಸ್ಟ್ರಾಸ್‌ನ ಕಷ್ಟದ ಆರ್ಕೆಸ್ಟ್ರಾ ಕೃತಿ ‘ಡಾನ್ ಜುವಾನ್’ನ ಮೊದಲ ಪುಟ ನುಂಗಿತು. ಕಾನ್ಚೆರ್ಟೊ ಜೊತೆಗೆ ನುಡಿಸಬೇಕೆಂದು ಅವರು ಕಳುಹಿಸಿದ್ದ ಆರ್ಕೆಸ್ಟ್ರಾ ತುಣುಕುಗಳ ಪಟ್ಟಿಯಲ್ಲಿ ಮೊಜಾರ್ಟ್‌ನ 39ನೇ ಸಿಂಫನಿಯ ಎರಡನೇ ಭಾಗವೂ ಇತ್ತು. ಮೆಲುದನಿ, ಕಣ್ಣಿಗೆ ಸುಲಭ. ಮೂರು ಸಲ ನುಡಿಸಿ ಬದಿಗಿಟ್ಟೆ.

ಅಲ್ಲೇ ಬಿದ್ದೆ.

ಅದರ ಆರಂಭದ ತುಂಬ ಚುಕ್ಕೆ ಇಟ್ಟ ಸ್ವರಗಳು: ಒಂದು ಉದ್ದ, ಒಂದು ಗಿಡ್ಡ. ಆ ಜೋಡಿಯನ್ನು ನಾಲ್ಕು ಪಾಲು ಮಾಡಿದರೆ ಮೂರು ಪಾಲು ಉದ್ದಕ್ಕೆ, ಒಂದೇ ಪಾಲು ಗಿಡ್ಡಕ್ಕೆ. ನಾನು ನುಡಿಸಿದ್ದು ಎರಡಕ್ಕೆ ಒಂದು. ಕರ್ನಾಟಕ ಸಂಗೀತ ಬಲ್ಲವರಿಗೆ ಹೇಳುವುದಾದರೆ, ಚತುರಶ್ರದಲ್ಲಿ ಇರಬೇಕಾದದ್ದು ತಿಶ್ರಕ್ಕೆ ಜಾರಿತ್ತು. ಮದುವೆ ಮನೆಯ ತೂಗುಲಯ ಕೈಗೆ ಅಂಟಿತ್ತು, ಕಿವಿಗೆ ಅದು ಚೆಂದವಾಗಿಯೇ ಕೇಳುತ್ತಿತ್ತು. ‘ಲಯ ನೋಡಿಕೊಂಡು ಇನ್ನೊಮ್ಮೆ’ ಎಂದರು ಆಡಿಷನ್ ನಡೆಸುತ್ತಿದ್ದವರು. ವೇಗ ಹೆಚ್ಚಾಯಿತೇನೋ ಎಂದುಕೊಂಡು ಅದೇ ತಪ್ಪನ್ನು ಇನ್ನಷ್ಟು ನಿಧಾನವಾಗಿ ನುಡಿಸಿದೆ. ಧನ್ಯವಾದ ಹೇಳಿ ಕಳುಹಿಸಿದರು. ಐದು ವಾರದ ಕಾನ್ಚೆರ್ಟೊವನ್ನು ಅವರು ಎರಡನೇ ಪುಟಕ್ಕೂ ಹೋಗಲು ಬಿಟ್ಟಿರಲಿಲ್ಲ.

ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಮರಳಿದ ಮೇಲೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಜೋಡಿಗೆ ನಾಲ್ಕು ಬಡಿತದಂತೆ ಮೆಟ್ರೊನೋಮ್ (ಸಮವಾಗಿ ಟಿಕ್ ಟಿಕ್ ಎನ್ನುವ ಲಯಯಂತ್ರ) ಇಟ್ಟು ಕೇಳಿದೆ. ಗಿಡ್ಡ ಸ್ವರ ಪ್ರತಿ ಸಲವೂ ನಾಲ್ಕನೇ ಬಡಿತಕ್ಕಿಂತ ಮೊದಲೇ ಬೀಳುತ್ತಿತ್ತು. ಹತ್ತಾರು ಪಿಟೀಲುಗಳು ಒಟ್ಟಿಗೆ ನುಡಿಸುವಲ್ಲಿ ಒಬ್ಬರು ಹೀಗೆ ಮಾಡಿದರೆ ಇಡೀ ಸಾಲಿನ ಅಂಚು ಕದಡುತ್ತದೆ. ಅವರು ಪರೀಕ್ಷಿಸಿದ್ದು ಅದನ್ನೇ.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಪ್ಪು ದಿಕ್ಕಿಗೆ ಹೊರಟಿದೆ. ನಿಮ್ಮ ಕೈಗೆ ಈಗಾಗಲೇ ಕುಳಿತಿರುವ ಕಾನ್ಚೆರ್ಟೊ ತೆಗೆದುಕೊಂಡು ಹೋಗಿ. ಹೊಸದಾಗಿ ಚೈಕೋವ್‌ಸ್ಕಿ ಕಲಿಯಲು ಹೊರಡಬೇಡಿ, ದಯವಿಟ್ಟು. ಪಟ್ಟಿಯಲ್ಲಿ ಅತಿ ಸುಲಭ ಎನ್ನಿಸುವ ತುಣುಕನ್ನೇ ಮೊದಲು ಎತ್ತಿಕೊಳ್ಳಿ. ಇಡೀ ಆರ್ಕೆಸ್ಟ್ರಾ ನುಡಿಸಿದ್ದನ್ನು ಕೇಳಿ, ಆ ಹೊತ್ತಿಗೆ ಕೊಳಲು ಏನು ಮಾಡುತ್ತಿದೆ, ತಗ್ಗು ದನಿಯ ಡಬಲ್ ಬೇಸ್ ಎಲ್ಲಿದೆ ಎಂಬುದು ತಲೆಯಲ್ಲಿರಲಿ. ದಿನವೂ ರೆಕಾರ್ಡ್ ಮಾಡಿ. ಎರಡು ವರ್ಷದ ನಂತರ ಇನ್ನೊಂದು ಕಡೆ ನನಗೆ ಹಿಂದಿನ ಸಾಲಿನಲ್ಲಿ ಕುರ್ಚಿ ಸಿಕ್ಕಿದ್ದು ಹೀಗೆ. ಆಗಲೂ ಒಯ್ದದ್ದು ಅದೇ ಹಳೆಯ ಐದನೆಯದು.

ಮಳೆಗಾಲದಲ್ಲಿ ಹೊರಡುವುದಾದರೆ ಒಂದು ದಿನ ಮೊದಲೇ ಮುಂಬೈ ಸೇರಿಕೊಳ್ಳಿ. ನಮ್ಮ ಕರಾವಳಿಯ ತೇವಕ್ಕೆ ಊದಿಕೊಂಡ ಪಿಟೀಲಿನ ಬಿರಡೆಗಳು ಎ.ಸಿ. ಕೋಣೆಯಲ್ಲಿ ಕುಗ್ಗಿ ಜಾರುತ್ತವೆ, ಶ್ರುತಿ ನಿಲ್ಲಲು ಸಮಯ ಬೇಕು.