ಅಳು ನಿಂತಿದೆ, ಆದರೆ ಮಗು ಹೊಂದಿಕೊಂಡಿಲ್ಲ

ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಬೆಳೆದ ಹುಡುಗ. ವಯಸ್ಸು 2 ವರ್ಷ 10 ತಿಂಗಳು. ಅಪ್ಪ, ಅಮ್ಮ ಇಬ್ಬರಿಗೂ ಶಿವಮೊಗ್ಗದಲ್ಲಿ ಕೆಲಸ ಸಿಕ್ಕಿತು. ಮೇ ತಿಂಗಳಲ್ಲಿ ವಿನೋಬನಗರದ ಬಾಡಿಗೆ ಮನೆಗೆ ಬಂದರು. ಮಗುವಿಗಾಗಿ ಅಜ್ಜಿಯೂ ಜೊತೆಗೆ ಬಂದರು. ಜೂನ್‌ನಲ್ಲಿ ಪ್ಲೇಹೋಂಗೆ ಸೇರಿಸಿದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಇದೆ.)

ಮೊದಲ ವಾರ ಜೋರು ಅಳು. "ನೀವಿದ್ದಷ್ಟು ಹೊತ್ತೂ ಅಳ್ತಾನೆ. ನಾವು ಮೀನು ತೋರಿಸ್ತೀವಿ, ನೀವು ಸುಮ್ನೆ ಹೋಗ್ಬಿಡಿ" ಎಂದು ಅಲ್ಲಿನವರು ಹೇಳಿದರಂತೆ. ಅಮ್ಮ ಹಾಗೇ ಮಾಡಿದರು. ಕೆಲವು ದಿನಗಳಲ್ಲಿ ಅಳು ನಿಂತಿತು. ಆದರೆ ಹುಡುಗ ಆಡುತ್ತಿರಲಿಲ್ಲ, ತಿನ್ನುತ್ತಿರಲಿಲ್ಲ. ಬ್ಯಾಗನ್ನು ಹೆಗಲಿಂದ ಇಳಿಸದೆ ಬಾಗಿಲ ಕಡೆ ನೋಡುತ್ತಾ ಕೂರುತ್ತಿದ್ದ. ಮನೆಯಲ್ಲಿ ಅಮ್ಮ ಬಚ್ಚಲಿಗೆ ಹೋದರೂ ಕಿರುಚಾಟ. ಬಿಟ್ಟುಹೋಗಿದ್ದ ಚಡ್ಡಿ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿತ್ತು. ಆಗ ಸಲಹೆ ಕೇಳಲು ನನ್ನ ಹತ್ತಿರ ಬಂದರು. ಒದ್ದೆಯ ಕಾರಣ ತಿಳಿಯಲು ಮೊದಲು ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಮೂತ್ರ ಪರೀಕ್ಷೆ ಮಾಡಿಸಿ ಬನ್ನಿ ಎಂದೆ. ಸೋಂಕು ಇರಲಿಲ್ಲ.

"ಎಲ್ಲರೂ ನಾಲ್ಕು ದಿನ ಅತ್ತು ಸುಮ್ಮನಾಗ್ತಾನೆ ಅಂದ್ರು ಮೇಡಂ. ಸುಮ್ಮನಾದ. ಈಗ ಅದೇ ಭಯ ಆಗ್ತಿದೆ" ಎಂದರು ಅಮ್ಮ. ಅವರ ಭಯಕ್ಕೆ ಕಾರಣವಿತ್ತು. 1950ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಮನೋವೈದ್ಯ ಜಾನ್ ಬೌಲ್ಬಿ ಜೊತೆ ಕೆಲಸ ಮಾಡುತ್ತಿದ್ದ ಜೇಮ್ಸ್ ರಾಬರ್ಟ್‌ಸನ್ ಅಮ್ಮನಿಂದ ದೂರವಾಗಿ ಆಸ್ಪತ್ರೆಯಲ್ಲಿದ್ದ ಪುಟ್ಟ ಮಕ್ಕಳನ್ನು ಗಮನಿಸಿದರು. ಮಕ್ಕಳು ಮೊದಲು ಅತ್ತು ರಂಪ ಮಾಡುತ್ತಿದ್ದರು. ಆಮೇಲೆ ಆಸೆ ಕಳೆದುಕೊಂಡು ಮಂಕಾಗುತ್ತಿದ್ದರು. ಸಿಬ್ಬಂದಿ ಅದನ್ನೇ 'ಹೊಂದಿಕೊಂಡಿತು' ಅಂದುಕೊಳ್ಳುತ್ತಿದ್ದರು. ಅರ್ಧ ದಿನದ ಪ್ಲೇಹೋಂ ಆಸ್ಪತ್ರೆಯಷ್ಟು ಕಠಿಣ ಅಲ್ಲ, ನಿಜ. ಆದರೂ ಸುಮ್ಮನಿರುವ ಮಗು ಆಡುತ್ತಿದೆಯಾ, ತಿನ್ನುತ್ತಿದೆಯಾ, ಬೇಕಾದ್ದನ್ನು ಮಿಸ್ ಹತ್ತಿರ ಕೇಳುತ್ತಿದೆಯಾ ಅಂತ ನೋಡಲೇಬೇಕು.

ಕದ್ದು ಹೋಗುವುದನ್ನು ಅಂದಿನಿಂದಲೇ ನಿಲ್ಲಿಸಲು ಹೇಳಿದೆ. ಮೀನು ನೋಡಿ ತಿರುಗುವಷ್ಟರಲ್ಲಿ ಅಮ್ಮ ಇಲ್ಲ ಅಂದರೆ, ಯಾವ ಗಳಿಗೆಯಲ್ಲೂ ಅಮ್ಮ ಇಲ್ಲವಾಗಬಹುದು ಅಂತ ಮಗು ಕಲಿಯುತ್ತದೆ. ಮತ್ತೆ ಮೀನನ್ನೂ ನಂಬುವುದಿಲ್ಲ, ಆಟವನ್ನೂ ನಂಬುವುದಿಲ್ಲ. ಹೇಳಿ ಹೋದರೆ ಅಳುತ್ತಾನೆ, ಅಳಲಿ. ಆ ಅಳುವಿನಲ್ಲಿ ಅವನನ್ನು ಎತ್ತಿಕೊಳ್ಳಲು ಒಬ್ಬರೇ ಮಿಸ್ ದಿನಾ ಬಾಗಿಲಲ್ಲಿ ಇರಬೇಕು. ಈ ಒಂದು ಮಾತನ್ನು ಪ್ಲೇಹೋಂನವರ ಹತ್ತಿರ ಗಟ್ಟಿಯಾಗಿ ಕೇಳಿ ಎಂದೆ. ಅವರು ಒಪ್ಪಿದರು.

ಹೊಸದಾಗಿ ಶುರು ಮಾಡಿದೆವು. ಅಮ್ಮ ರಜೆ ಹಾಕಿ ಮೊದಲೆರಡು ದಿನ ಕ್ಲಾಸಿನ ಮೂಲೆಯಲ್ಲಿ ಕೂತರು. ಆಡಿಸಲಿಲ್ಲ, ಬಂದಾಗ ತೊಡೆ ಕೊಟ್ಟರು, ಅಷ್ಟೇ. ಆಮೇಲೆ ಹೇಳಿ ಹತ್ತು ನಿಮಿಷ ಜಗಲಿಗೆ ಹೋಗಿ, ಹೇಳಿದಂತೆ ವಾಪಸ್ ಬಂದರು. ಮುಂದೆ ಅರ್ಧ ಗಂಟೆ, ಒಂದು ಗಂಟೆ. "ಹನ್ನೆರಡಕ್ಕೆ ಬರ್ತೀವಿ" ಅಂದರೆ ಈ ವಯಸ್ಸಿಗೆ ಅರ್ಥವಿಲ್ಲ. "ಊಟ ಆಗಿ, ಹಾಡು ಆದ ಕೂಡ್ಲೆ ಅಜ್ಜಿ ಬರ್ತಾರೆ" ಅಂದರೆ ಅವನೇ ಎಣಿಸಿಕೊಳ್ಳುತ್ತಾನೆ. ಮಾತು ಕೊಟ್ಟ ಮೇಲೆ ಅಜ್ಜಿ ತಡ ಮಾಡುವ ಹಾಗಿಲ್ಲ. ಚಾಕೊಲೇಟ್ ಆಸೆ ತೋರಿಸುವುದೂ ಬೇಡ. ಉಚ್ಚೆಗೆ, ನೀರಿಗೆ ಮನೆಯಲ್ಲಿ ಅವನು ಏನು ಹೇಳುತ್ತಾನೋ ಅದನ್ನು ಮಿಸ್‌ಗೆ ತಿಳಿಸಲು ಹೇಳಿದೆ. ರಾತ್ರಿ ಹತ್ತೂವರೆಗೆ ಮಲಗುತ್ತಿದ್ದ, ಅದನ್ನು ಎಂಟೂವರೆಗೆ ತಂದರು. ಈ ವಯಸ್ಸಿನ ಮಕ್ಕಳಿಗೆ ಹಗಲಿನದೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು.

ಅಜ್ಜಿಯ ಜೊತೆ ನಾನು ಜಾಸ್ತಿ ಹೊತ್ತು ಕೂತೆ. "ಆ ಪಾಪುವನ್ನ ಎಂತಕ್ಕೆ ಹಿಂಸೆ ಮಾಡೂದು, ನಾನಿಲ್ವಾ ಮನೇಲಿ?" ಎಂದರು. ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಅವರೂ ಅಳುತ್ತಿದ್ದರು. ತೋಟ, ಕೊಟ್ಟಿಗೆ, ಅಕ್ಕಪಕ್ಕದ ಜನ ಎಲ್ಲ ಬಿಟ್ಟು ಬಂದವರಿಗೆ ಇಲ್ಲಿ ಇದ್ದದ್ದು ಮೊಮ್ಮಗ ಒಬ್ಬನೇ. ಅವನೂ ಅರ್ಧ ದಿನ ಹೊರಗೆ. ಮನೆಯಲ್ಲಿ ಇದನ್ನು ಯಾರೂ ಅವರ ಹತ್ತಿರ ಕೇಳಿರಲಿಲ್ಲ. ಯೋಚಿಸಿ ಕೆಲಸ ಹಂಚಿದೆವು: ಬಿಡುವುದು ಅಪ್ಪ, ಕರೆತರುವುದು ಅಜ್ಜಿ. ಬೀಳ್ಕೊಡುವಾಗ ಯಾರ ಮುಖ ಗಟ್ಟಿಯಿರುತ್ತದೋ ಅವರೇ ಬಿಡಬೇಕು. ಅಜ್ಜಿಯನ್ನು ನೋಡಿದ ಕೂಡಲೇ ಅವನು ಅತ್ತರೆ ಗಾಬರಿ ಬೇಡ ಅಂತಲೂ ಹೇಳಿದೆ. ತಡೆದುಕೊಂಡಿದ್ದನ್ನು ಮಕ್ಕಳು ತಮ್ಮವರ ಮುಂದೆಯೇ ಬಿಡುತ್ತಾರೆ, ಅಲ್ವಾ?

ಇನ್ನೇನು ಸರಿಹೋಯಿತು ಅನ್ನುವಾಗ ಪುನರ್ವಸು ಮಳೆ ಹಿಡಿಯಿತು. ಜಿಲ್ಲಾಧಿಕಾರಿ ರಜೆ ಘೋಷಿಸಿದರು, ಮೇಲೆ ಭಾನುವಾರ, ಮತ್ತೆ ನೆಗಡಿ ಜ್ವರ. ವಾಪಸ್ ಹೋದ ದಿನ ಮೊದಲ ದಿನದ ಅಳುವೇ. ಮಲೆನಾಡಿನ ಜೂನ್, ಜುಲೈನಲ್ಲಿ ಇದು ಆಗುವುದೇ. ಕಲಿತದ್ದು ಹೋಗಿರುವುದಿಲ್ಲ. ಅಂಥ ದಿನ ಒಂದು ಮೆಟ್ಟಿಲು ಕೆಳಗಿಂದ ಶುರು ಮಾಡಬೇಕು, ಒಂದೆರಡು ಗಂಟೆ ಸಾಕು. ಒಂದು ತಿಂಗಳು ಹೀಗೆಲ್ಲ ಮಾಡಿದ ಮೇಲೂ ಮಗು ತಿನ್ನದಿದ್ದರೆ, ಮಾತು ಕಡಿಮೆಯಾದರೆ, ಅಲ್ಲಿನ ಒಬ್ಬರನ್ನು ಕಂಡರೆ ಮಾತ್ರ ಹೆದರಿದರೆ ಸುಮ್ಮನಿರಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ, ಆ ಜಾಗದ ಬಗ್ಗೆಯೂ ವಿಚಾರಿಸಿ.

ಆಗಸ್ಟ್‌ನಲ್ಲಿ ಅವರು ಮತ್ತೆ ಬಂದಾಗ ಚಡ್ಡಿ ಒಣಗಿರುತ್ತಿತ್ತು. ಬ್ಯಾಗನ್ನು ಗೂಡಿನಲ್ಲಿ ತಾನೇ ಇಡುತ್ತಿದ್ದ. ಸೋಮವಾರ ಮಾತ್ರ ಈಗಲೂ ಸ್ವಲ್ಪ ಅಳು. ದಸರಾ ರಜೆಗೆ ಊರಿಗೆ ಹೋಗುತ್ತಾರೆ. ಬಂದ ಮೇಲೆ ಮೊದಲ ದಿನ ಒಂದು ಗಂಟೆ ಮಾತ್ರ ಅಂತ ಅಪ್ಪ ಈಗಲೇ ಮಿಸ್ ಹತ್ತಿರ ಮಾತಾಡಿ ಇಟ್ಟಿದ್ದಾರೆ.