ನೋವೇ ಇಲ್ಲ, ರಕ್ತನಾಳ ಉಬ್ಬಿದೆಯಂತೆ!

ಪ್ರಶ್ನೆ: ನಮ್ಮ ತಂದೆಗೆ 67 ವರ್ಷ. ದಾವಣಗೆರೆ ಎ.ಪಿ.ಎಂ.ಸಿ.ಯಲ್ಲಿ ಹಮಾಲಿ. ಈಗಲೂ ಸುಗ್ಗಿಯಲ್ಲಿ ಮೆಕ್ಕೆಜೋಳದ ಚೀಲ ಹೊರುತ್ತಾರೆ. ಹುಡುಗನಾಗಿದ್ದಾಗಿನಿಂದ ಬೀಡಿ ಚಟ. ಮೂತ್ರ ಕಟ್ಟುತ್ತದೆಂದು ಸ್ಕ್ಯಾನಿಂಗ್ ಮಾಡಿಸಿದರೆ, ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿ 4.1 ಸೆಂ.ಮೀ. ಆಗಿದೆ ಎಂದು ಬಂತು. ನೋವೇನೂ ಇಲ್ಲ. ಹೊಕ್ಕಳ ಮೇಲೆ ಬಡಿಯುವುದನ್ನು ಮುಟ್ಟಿ ನೋಡಿದ ಸೋದರತ್ತೆ "ಬಟ್ಟಿ ಜಾರಿದೆ, ತಿಕ್ಕಿಸಿ" ಅನ್ನುತ್ತಾರೆ. ಆಪರೇಷನ್ ಬೇಕಾ ಡಾಕ್ಟ್ರೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ತಿಕ್ಕಿಸುವುದಂತೂ ಬೇಡವೇ ಬೇಡ. ಅತ್ತೆಯವರ ಕೈಗೆ ಸಿಕ್ಕಿದ್ದು ಮಹಾಪಧಮನಿಯ ಬಡಿತ. ಹೃದಯದಿಂದ ಹೊರಟು ಬೆನ್ನುಮೂಳೆಯ ಮುಂದೆ ಇಳಿದು, ಹೊಕ್ಕಳ ಮಟ್ಟದಲ್ಲಿ ಕವಲೊಡೆದು ಕಾಲುಗಳತ್ತ ಹೋಗುವ ನಾಳ ಅದು. ಬಡಕಲು ಮೈಯವರಲ್ಲಿ ಆ ಬಡಿತ ಸುಮ್ಮನೆಯೂ ಸಿಗುತ್ತದೆ. ನಾವು ರೋಗಿಯನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಚಿಸಿ, ಹೊಕ್ಕಳ ಮೇಲ್ಭಾಗದಲ್ಲಿ ಎರಡೂ ಕೈ ಇಟ್ಟು ನೋಡುತ್ತೇವೆ. ಪ್ರತಿ ಬಡಿತಕ್ಕೂ ಕೈಗಳು ಆಚೀಚೆ ಸರಿದರೆ ಅನುಮಾನ. ಹೊಟ್ಟೆ ದಪ್ಪಗಿದ್ದರೆ ಅದೂ ಗೊತ್ತಾಗುವುದಿಲ್ಲ, ಸ್ಕ್ಯಾನಿಂಗೇ ಗತಿ.

ಈ ನಾಳದ ಅಗಲ ಸುಮಾರು 2 ಸೆಂ.ಮೀ. ಇರಬೇಕು. 3 ಮುಟ್ಟಿದರೆ ಅನ್ಯೂರಿಸಂ, ಅಂದರೆ ನಾಳದ ಉಬ್ಬು. ಆಪರೇಷನ್ ಮಾತು ಬರುವುದು ಗಂಡಸರಲ್ಲಿ 5.5ಕ್ಕೆ, ಹೆಂಗಸರಲ್ಲಿ 5ರ ಹೊತ್ತಿಗೆ, ಇಲ್ಲವೇ ಬೇಗ ಬೇಗ ಹಿಗ್ಗುತ್ತಿದ್ದರೆ. ಆಗ ಹೊಟ್ಟೆ ತೆರೆದು ಕೃತಕ ನಾಳ ಹೊಲಿಯುತ್ತಾರೆ, ಅಥವಾ ತೊಡೆಸಂದಿನಿಂದ ಸ್ಟೆಂಟ್ ಹಾಕುತ್ತಾರೆ. 4.1ಕ್ಕೆ ಸದ್ಯ ಅದೆಲ್ಲ ಬೇಡ. ಸಾಮಾನ್ಯವಾಗಿ ವರ್ಷಕ್ಕೊಂದು ಸ್ಕ್ಯಾನಿಂಗ್ ಸಾಕು; ಹಳೇ ರಿಪೋರ್ಟನ್ನೂ ಒಯ್ಯಿರಿ. ನೋವಿಲ್ಲವೆಂದು ಮಾತ್ರ ತಪ್ಪಿಸಬೇಡಿ. ಹೆಚ್ಚಿನವರಿಗೆ ಒಡೆಯುವ ತನಕ ನೋವೇ ಇರುವುದಿಲ್ಲ.

ಇಂಗ್ಲೆಂಡಿನಲ್ಲಿ 65ಕ್ಕೆ ಬಂದ ಗಂಡಸರನ್ನು ಸರ್ಕಾರವೇ ಕರೆದು ಈ ಸ್ಕ್ಯಾನಿಂಗ್ ಮಾಡುತ್ತದೆ. ನಮ್ಮಲ್ಲಿ ನಾವೇ ಕೇಳಿ ಮಾಡಿಸಿಕೊಳ್ಳಬೇಕು. ಒಡಹುಟ್ಟಿದವರಿಗೂ ಬರುವ ಸಂಭವ ಹೆಚ್ಚು. ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ ಎಲ್ಲರಿಗೂ ಒಮ್ಮೆ ಮಾಡಿಸಿ.

ಇನ್ನು ಬೀಡಿ. "ಊಟ ಆದಮೇಲೆ ಒಂದೇ ಒಂದು ಸಾರ್" ಎಂಬ ಚೌಕಾಸಿ ದಿನಾ ಕೇಳುತ್ತೇನೆ, ಒಪ್ಪುವುದಿಲ್ಲ. ಈ ಕಾಯಿಲೆ ತರುವುದರಲ್ಲೂ, ಉಬ್ಬನ್ನು ಬೆಳೆಸುವುದರಲ್ಲೂ ಹೊಗೆಯದೇ ಮೇಲುಗೈ. ಪೂರ್ತಿ ಬಿಡಲಿ. ಬಿ.ಪಿ. ಹತೋಟಿಯಲ್ಲಿರಲಿ. ಉಸಿರು ಬಿಗಿಹಿಡಿದು ಚೀಲ ಎತ್ತುವಾಗ ಬಿ.ಪಿ. ದಿಢೀರನೆ ಏರುತ್ತದೆ, ಹಾಗಾಗಿ ಹಮಾಲಿ ಸಾಕು. ಯಾರ್ಡಿನಲ್ಲಿ ತೂಕ ಬರೆಯುವ ಕೆಲಸ ಸಿಕ್ಕರೆ ಮಾಡಲಿ, ನಡೆದಾಡಲಿ.

ಒಂದು ವಿಷಯ ಮನೆಮಂದಿಗೆಲ್ಲ ಗೊತ್ತಿರಲಿ. ಹೊಟ್ಟೆ, ಬೆನ್ನು ಅಥವಾ ಪಕ್ಕೆಯಲ್ಲಿ ಇದ್ದಕ್ಕಿದ್ದಂತೆ ತಡೆಯಲಾಗದ ನೋವು, ತಣ್ಣನೆ ಬೆವರು, ಕಣ್ಣು ಕತ್ತಲೆ ಬಂದರೆ ನಾಳ ಒಡೆದಿರಬಹುದು. ಒಡೆದ ಮೇಲೆ ಉಳಿಯುವವರು ಕಡಿಮೆ. ಕಿಡ್ನಿ ಕಲ್ಲಿನ ನೋವೂ ಹೀಗೇ ಇರುವುದರಿಂದ ವೈದ್ಯರೇ ಮೋಸಹೋಗುವುದುಂಟು. ಸೋಡಾ, ಗ್ಯಾಸಿನ ಮಾತ್ರೆ ಎಂದು ಹೊತ್ತು ಕಳೆಯದೆ 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಬೇರೆ ಮಾತು ಆಮೇಲೆ. "ಇವರಿಗೆ ಹೊಟ್ಟೆಯಲ್ಲಿ ಅನ್ಯೂರಿಸಂ ಇದೆ" ಎಂದು ಮೊದಲು ಹೇಳಿ, ರಿಪೋರ್ಟ್ ಕೈಗೆ ಕೊಡಿ.