ಬಾಯಿಪಾಠದ ಕಾನೂನು ಪುಸ್ತಕವಾದದ್ದು ಹೇಗೆ?

ಪ್ರಶ್ನೆ: ಯಹೂದಿಗಳಿಗೆ ಬರೆದ ತೋರಾ ಒಂದಿದೆ, ಬಾಯಿಂದ ಬಾಯಿಗೆ ಬಂದ ತೋರಾ ಇನ್ನೊಂದಿದೆ, ಎರಡನೆಯದನ್ನು ಬರೆಯಬಾರದು ಅಂತ ನಿಯಮವೇ ಇತ್ತು ಎಂದು ಓದಿದೆ. ಹಾಗಿದ್ದರೆ ಮಿಶ್ನಾ, ತಾಲ್ಮುದ್ ಎಲ್ಲ ಪುಸ್ತಕಗಳಾಗಿ ಬಂದದ್ದು ಹೇಗೆ? ಯಾರು ಬರೆದರು, ಯಾವಾಗ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತೋರಾ ಅಂದರೆ ಮೋಶೆಯ ಐದು ಪುಸ್ತಕ. ಬಾಯಿಂದ ಬಂದ ಕಾನೂನನ್ನು ಜೋಡಿಸಿದ ಸಂಗ್ರಹ ಮಿಶ್ನಾ, ಮಿಶ್ನಾ ಮತ್ತು ಅದರ ಮೇಲಿನ ಚರ್ಚೆ ಸೇರಿದ್ದು ತಾಲ್ಮುದ್. ಸಾವಿರ ವರ್ಷದ ಹಿಂದೆಯೇ ಈ ಪ್ರಶ್ನೆಯನ್ನು ಕೇಳಿದವರಿದ್ದಾರೆ. ಇಂದಿನ ಟ್ಯುನೀಷಿಯಾದಲ್ಲಿರುವ ಕೈರುವಾನ್ ಊರಿನ ಯಹೂದಿಗಳು, ಇರಾಕಿನಲ್ಲಿದ್ದ ಪುಂಬೆದಿತಾ ವಿದ್ಯಾಪೀಠದ ಮುಖ್ಯಸ್ಥ ಶೆರಿರಾ ಗಾಓನ್ ಅವರಿಗೆ ‘ಮಿಶ್ನಾ ಬರೆದದ್ದು ಹೇಗೆ?’ ಎಂದು ಪತ್ರ ಬರೆದರು. 987ರ ಸುಮಾರಿಗೆ ಅವರು ಕೊಟ್ಟ ಉದ್ದನೆಯ ಉತ್ತರ ಇವತ್ತಿಗೂ ಈ ವಿಷಯಕ್ಕೆ ದೊಡ್ಡ ಆಧಾರ. ಅದರಲ್ಲೂ ಒಂದು ತೊಡಕಿದೆ. ಆಮೇಲೆ ಹೇಳುತ್ತೇನೆ.

ಮೊದಲು, ಬಾಯಿಪಾಠದ ಕಾನೂನು ಯಾಕೆ ಬೇಕಾಯಿತು ಅಂತ ನೋಡೋಣ. ವಾರದ ವಿಶ್ರಾಂತಿಯ ದಿನವಾದ ಸಬ್ಬತ್‌ನಂದು ಕೆಲಸ ಮಾಡಬಾರದು ಎಂದು ತೋರಾ ಖಡಾಖಂಡಿತವಾಗಿ ಹೇಳುತ್ತದೆ. ಆದರೆ ಯಾವುದು ಕೆಲಸ? ಗಂಟು ಹಾಕುವುದು? ಎರಡು ಅಕ್ಷರ ಬರೆಯುವುದು? ತೋರಾದಲ್ಲಿ ಪಟ್ಟಿ ಇಲ್ಲ. ಮಿಶ್ನಾದಲ್ಲಿ ಇದೆ: ‘ನಲವತ್ತಕ್ಕೆ ಒಂದು ಕಡಿಮೆ’ ಬಗೆಯ ಕೆಲಸಗಳು. ಬಿತ್ತುವುದು, ಉಳುವುದು, ಕೊಯ್ಯುವುದು ಎಂದು ಶುರುವಾಗಿ ಸಾಲಾಗಿ ಬರುತ್ತವೆ. ಹೀಗೆ ಎಣಿಸಿ ಸಾಲಾಗಿ ಹೇಳಿದರೆ ನೆನಪಿಡೋದು ಸುಲಭ, ಅಲ್ವಾ? ಮಿಶ್ನಾದ ತುಂಬ ಇಂಥ ಎಣಿಕೆಗಳು, ಒಂದೇ ಅಚ್ಚಿನ ಸಣ್ಣ ವಾಕ್ಯಗಳು ಸಿಗುತ್ತವೆ. ನಾಲಿಗೆಯ ಮೇಲೆ ಕೂರಲಿ ಅಂತಲೇ ಕಟ್ಟಿದ ಮಾತುಗಳು ಅವು.

ದೇವರು ಮೋಶೆಗೆ ತೋರಾ ಕೊಟ್ಟ ಸಿನಾಯಿ ಬೆಟ್ಟದಿಂದಲೇ ಈ ಪರಂಪರೆಯೂ ಬಂತು ಎಂಬುದು ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ ನಂಬಿಕೆ. ಮೋಶೆಯಿಂದ ಯೆಹೋಶುವನಿಗೆ, ಅವನಿಂದ ಹಿರಿಯರಿಗೆ, ಅವರಿಂದ ಪ್ರವಾದಿಗಳಿಗೆ ಎಂದು ಮಿಶ್ನಾದ ‘ಆವೋತ್’ ಭಾಗ ಸಾಲು ಹಿಡಿಯುತ್ತದೆ. ಇದನ್ನು ಎಲ್ಲ ಯಹೂದಿಗಳೂ ಒಪ್ಪಿರಲಿಲ್ಲ. ದೇವಾಲಯ ಇದ್ದ ಕಾಲದ ಒಂದು ಪಂಗಡವಾದ ಸದ್ದುಕಾಯರು ಒಪ್ಪಲಿಲ್ಲ. ಬಹಳ ಕಾಲದ ಮೇಲೆ ಬಂದ, ಬರೆದ ಗ್ರಂಥವನ್ನಷ್ಟೇ ಪ್ರಮಾಣವೆನ್ನುವ ಕರಾಯಿಟರೂ ಒಪ್ಪಲಿಲ್ಲ.

ಬರೆಯಬಾರದು ಎಂಬ ನಿಯಮ ತಾಲ್ಮುದ್‌ನಲ್ಲೇ ಇದೆ. ಬರೆದದ್ದನ್ನು ಬಾಯಿಪಾಠವಾಗಿ ಹೇಳಬಾರದು, ಬಾಯಿಪಾಠವಾಗಿ ಬಂದದ್ದನ್ನು ಬರಹದಲ್ಲಿ ಹೇಳಬಾರದು. ಎರಡೂ ಬೆರೆತು ಹೋಗಬಾರದು ಎಂಬುದು ಅದರ ಹಿಂದಿನ ಕಾಳಜಿ ಇರಬಹುದು. ಹಾಗಾಗಿ ಪಾಠಶಾಲೆಗಳಲ್ಲಿ ಪಾಠ ಒಪ್ಪಿಸೋದಕ್ಕೆ ಅಂತಲೇ ಜನ ಇರುತ್ತಿದ್ದರು. ಅವರಿಗೆ ‘ತನ್ನಾ’ ಎಂದು ಹೆಸರು. ಗುರು ಕೇಳಿದ ಕೂಡಲೇ ಆ ಭಾಗವನ್ನು ಅಕ್ಷರ ತಪ್ಪದೆ ಹೇಳಬೇಕು. ತಾಲ್ಮುದ್ ಇಂಥವರನ್ನು ‘ಪುಸ್ತಕ ತುಂಬಿದ ಬುಟ್ಟಿ’ ಎಂದು ಕರೆಯುತ್ತದೆ. ಹಾಗಂತ ಯಾರೂ ಏನೂ ಗೀಚಿಕೊಳ್ಳುತ್ತಿರಲಿಲ್ಲ ಎಂದಲ್ಲ. ಸ್ವಂತ ಉಪಯೋಗಕ್ಕೆ ಬರೆದಿಟ್ಟುಕೊಂಡ ‘ಗುಟ್ಟಿನ ಸುರುಳಿ’ಗಳ ಮಾತೂ ತಾಲ್ಮುದ್‌ನಲ್ಲಿ ಬರುತ್ತದೆ. ಎಲ್ಲರ ಮುಂದೆ ಪ್ರಮಾಣವಾಗಿ ಇಡುವ ಬರಹ ಮಾತ್ರ ಬೇಡವಾಗಿತ್ತು.

ಆಮೇಲೆ ಏಟಿನ ಮೇಲೆ ಏಟು ಬಿತ್ತು. 70ರಲ್ಲಿ ರೋಮನ್ನರು ಜೆರುಸಲೇಂ ದೇವಾಲಯವನ್ನು ಸುಟ್ಟರು. ಯೋಹನಾನ್ ಬೆನ್ ಝಕ್ಕಾಯ್ ಯವ್ನೆ ಎಂಬ ಊರಿನಲ್ಲಿ ಪಾಠ ಮುಂದುವರಿಸಿದರು. 132ರಿಂದ 135ರವರೆಗೆ ನಡೆದ ಬಾರ್ ಕೊಖ್ಬಾ ದಂಗೆಯನ್ನು ರೋಮ್ ಹೊಸಕಿ ಹಾಕಿತು. ಆ ಹೊತ್ತಿನಲ್ಲಿ ರಬ್ಬಿ ಅಕಿವಾ ಅವರಂಥ ದೊಡ್ಡ ಗುರುಗಳೇ ಕೊಲೆಯಾದರು. ಯೋಚಿಸಿ: ಕಾನೂನು ಇರುವುದು ಜನರ ತಲೆಯಲ್ಲಿ. ಆ ಜನರೇ ಸತ್ತರೆ? ಬದುಕಿದವರು ಉತ್ತರದ ಗಲಿಲಾಯಕ್ಕೆ ಹೋದರು, ತಮಗೆ ತಿಳಿದದ್ದನ್ನು ಅಲ್ಲಿ ಮತ್ತೆ ಒಟ್ಟುಮಾಡತೊಡಗಿದರು.

ಅಲ್ಲೇ, ಸುಮಾರು 200ರ ಹೊತ್ತಿಗೆ, ರಬ್ಬಿ ಯೆಹೂದಾ ಹನಾಸಿ ಮಿಶ್ನಾವನ್ನು ಒಪ್ಪವಾಗಿ ಜೋಡಿಸಿದರು. ಬೇಸಾಯ, ಹಬ್ಬ, ಮದುವೆ–ವಿಚ್ಛೇದನ, ನಷ್ಟ ಮತ್ತು ನ್ಯಾಯ, ಬಲಿ, ಶುದ್ಧಿ ಎಂದು ಆರು ವಿಭಾಗ. ಈಗಿನ ಎಣಿಕೆಯಲ್ಲಿ 63 ಭಾಗ. ದೇವಾಲಯ ಹೋಗಿ ನೂರಕ್ಕೂ ಜಾಸ್ತಿ ವರ್ಷವಾಗಿತ್ತು. ಆದರೂ ಅಲ್ಲಿನ ಬಲಿಯ ಕ್ರಮವನ್ನು ವಿವರವಾಗಿ ಹಿಡಿದಿಟ್ಟರು.

ನನ್ನನ್ನು ತುಂಬ ಸೆಳೆಯುವುದು ಮಿಶ್ನಾ ಶುರುವಾಗುವ ರೀತಿ. ದೇವರ ಸ್ತುತಿ ಇಲ್ಲ, ಪೀಠಿಕೆ ಇಲ್ಲ. ಸಂಜೆಯ ‘ಶೆಮಾ’ ಪ್ರಾರ್ಥನೆಯನ್ನು ಯಾವ ಹೊತ್ತಿನಿಂದ ಹೇಳಬಹುದು ಎಂಬ ಪ್ರಶ್ನೆ. ಎಷ್ಟು ಹೊತ್ತಿನವರೆಗೆ ಎನ್ನುವುದಕ್ಕೆ ಅಲ್ಲೇ ಮೂರು ಉತ್ತರ. ರಾತ್ರಿಯ ಮೊದಲ ಜಾವ ಮುಗಿಯುವವರೆಗೆ ಅನ್ನುತ್ತಾರೆ ರಬ್ಬಿ ಎಲಿಯೆಜರ್. ನಡುರಾತ್ರಿಯವರೆಗೆ ಅನ್ನುತ್ತಾರೆ ಉಳಿದ ಪಂಡಿತರು. ಬೆಳಕು ಹರಿಯುವವರೆಗೂ ಆಗುತ್ತದೆ ಅನ್ನುತ್ತಾರೆ ರಬ್ಬಾನ್ ಗಮ್ಲಿಯೇಲ್. ಗಮ್ಲಿಯೇಲರ ಮಕ್ಕಳು ಔತಣ ಮುಗಿಸಿ ತಡವಾಗಿ ಬಂದು, ಇನ್ನೂ ಶೆಮಾ ಹೇಳಿಲ್ಲವೆಂದು ಒಪ್ಪಿಕೊಂಡ ಪ್ರಸಂಗವೂ ಜೊತೆಗೇ ಇದೆ! ಕಾನೂನಿನ ಪುಸ್ತಕದಲ್ಲಿ ಸೋತ ಅಭಿಪ್ರಾಯವನ್ನು ಯಾಕೆ ಇಟ್ಟರು? ಮಿಶ್ನಾವೇ ‘ಎದುಯೋತ್’ ಭಾಗದಲ್ಲಿ ಇದನ್ನು ಕೇಳಿ ಉತ್ತರ ಕೊಡುತ್ತದೆ: ಮುಂದೊಂದು ದಿನ ಬೇರೆ ನ್ಯಾಯಸಭೆಗೆ ಆ ಒಬ್ಬನ ಮಾತೇ ಸರಿ ಕಂಡರೆ, ಅದನ್ನು ಆಧಾರವಾಗಿ ಹಿಡಿಯಲಿ ಎಂದು. ನನಗೆ ಇಡೀ ಮಿಶ್ನಾದಲ್ಲಿ ಇದಕ್ಕಿಂತ ದೊಡ್ಡ ಮಾತು ಕಾಣುವುದಿಲ್ಲ.

ಇನ್ನು ಆ ತೊಡಕು. ಯೆಹೂದಾ ಹನಾಸಿ ನಿಜವಾಗಿ ಮಸಿಯಲ್ಲಿ ಬರೆದರೋ, ಇಲ್ಲವೋ? ಶೆರಿರಾ ಅವರ ಪತ್ರ ಎರಡು ರೂಪಗಳಲ್ಲಿ ಉಳಿದಿದೆ. ಒಂದರ ಪ್ರಕಾರ ಬರೆದರು, ಇನ್ನೊಂದರ ಪ್ರಕಾರ ಬರೆಯಲಿಲ್ಲ. 12ನೇ ಶತಮಾನದ ಪಂಡಿತ ಮೈಮೊನಿಡೀಸ್ ‘ಬರೆದರು’ ಎನ್ನುತ್ತಾರೆ, 11ನೇ ಶತಮಾನದ ತಾಲ್ಮುದ್ ವ್ಯಾಖ್ಯಾನಕಾರ ರಾಶಿ ‘ಇಲ್ಲ’ ಎನ್ನುತ್ತಾರೆ. 20ನೇ ಶತಮಾನದ ವಿದ್ವಾಂಸ ಸಾಲ್ ಲೀಬರ್‌ಮನ್ ಅವರ ವಾದ ಹೀಗಿದೆ: ಮಿಶ್ನಾ ಪ್ರಕಟವಾದದ್ದೇ ಬಾಯಲ್ಲಿ, ತಿದ್ದಿದ ಪಾಠವನ್ನು ತನ್ನಾಗಳಿಗೆ ಬಾಯಿಪಾಠ ಮಾಡಿಸಿದ್ದೇ ಅದರ ಬಿಡುಗಡೆ. ನನಗೆ ಇದು ಹೆಚ್ಚು ಒಪ್ಪಿಗೆಯಾಗುತ್ತದೆ. ಆಮೇಲಿನ ತಲೆಮಾರುಗಳೂ ಪಾಠದಲ್ಲಿ ಅನುಮಾನ ಬಂದಾಗ ತನ್ನಾನನ್ನೇ ಕೇಳುತ್ತವೆ. ಆದ್ದರಿಂದ 200 ಎಂಬುದನ್ನು ಪಾಠ ಗಟ್ಟಿಯಾದ ಕಾಲ ಎಂದು ಓದಿ, ಪುಸ್ತಕ ಹುಟ್ಟಿದ ವರ್ಷ ಎಂದಲ್ಲ.

ಮಿಶ್ನಾದ ಮೇಲಿನ ಚರ್ಚೆ ಎರಡು ಕಡೆ ಬೆಳೆಯಿತು. ಗಲಿಲಾಯದಲ್ಲಿ 400ರ ಸುಮಾರಿಗೆ ಜೆರುಸಲೇಂ ತಾಲ್ಮುದ್ ರೂಪ ಪಡೆಯಿತು. ಇರಾಕಿನಲ್ಲಿ ಅದಕ್ಕಿಂತ ಒಂದೆರಡು ಶತಮಾನ ತಡವಾಗಿ, ಇನ್ನೂ ದೊಡ್ಡದಾದ ಬಾಬಿಲೋನ್ ತಾಲ್ಮುದ್. ಬರೆಯಬಾರದೆಂಬ ನಿಯಮವನ್ನು ಮುರಿಯಲು ರಬ್ಬಿಗಳು ಹೀಬ್ರೂ ಬೈಬಲಿನ ಕೀರ್ತನೆಗಳ ಒಂದು ಸಾಲನ್ನೇ ಆಧಾರ ಮಾಡಿಕೊಂಡರು. ತೋರಾ ಮರೆತು ಹೋಗೋದಕ್ಕಿಂತ ಅದರ ಒಂದು ನಿಯಮ ಕಿತ್ತು ಹೋಗುವುದೇ ಮೇಲು ಅಂದರು.

ಪ್ರಶ್ನೆ: ಇವುಗಳ ಹಳೆಯ ಪ್ರತಿಗಳು ಈಗ ಇವೆಯೇ?
– ಇನ್ನೊಬ್ಬ ಓದುಗರು, ಮೈಸೂರು

ಉತ್ತರ: ಇವೆ. ಆದರೆ ತಾಲ್ಮುದ್ ಕಾಲದ ಪುಸ್ತಕ ಒಂದೂ ಉಳಿದಿಲ್ಲ. ಇಸ್ರೇಲಿನ ಬೇತ್ ಶೆಆನ್ ಕಣಿವೆಯಲ್ಲಿ ರೆಹೋವ್ ಎಂಬ ಕಡೆ ಹಳೆಯ ಸಿನಗಾಗ್‌ನ (ಯಹೂದಿ ಪ್ರಾರ್ಥನಾಮಂದಿರದ) ನೆಲ ಸಿಕ್ಕಿದೆ. ಯಾವ ಊರಿನ ಬೆಳೆಗೆ ಯಾವ ಕಾನೂನು ಎಂಬುದನ್ನು ಅಲ್ಲಿ ಕಲ್ಲಿನ ಚೂರುಗಳನ್ನು ಜೋಡಿಸಿ ಬರೆದಿದ್ದಾರೆ. ರಬ್ಬಿಗಳ ಕಾನೂನು ಬರಹದಲ್ಲಿ ಸಿಕ್ಕಿರುವ ತುಂಬ ಹಳೆಯ ಸಾಕ್ಷಿಗಳಲ್ಲಿ ಅದೂ ಒಂದು. ಮಿಶ್ನಾದ ಹೆಸರಾಂತ ಹಸ್ತಪ್ರತಿ, ಕೌಫ್‌ಮನ್ ಪ್ರತಿ, ಬುಡಾಪೆಸ್ಟ್‌ನಲ್ಲಿದೆ. ಬಾಬಿಲೋನ್ ತಾಲ್ಮುದ್ ಹೆಚ್ಚುಕಡಿಮೆ ಪೂರ್ತಿಯಾಗಿ ಉಳಿದಿರುವ ಹಸ್ತಪ್ರತಿ 1342ರದು, ಮ್ಯೂನಿಕ್‌ನಲ್ಲಿದೆ. ಇಡೀ ತಾಲ್ಮುದ್ ಮೊದಲು ಅಚ್ಚಾದದ್ದು 1520ರ ದಶಕದಲ್ಲಿ ವೆನಿಸ್‌ನಲ್ಲಿ. ಅಚ್ಚು ಹಾಕಿಸಿದ ಡೇನಿಯಲ್ ಬಾಂಬರ್ಗ್ ಯಹೂದಿಯಲ್ಲ, ಕ್ರೈಸ್ತ. ಅವರು ಹಾಕಿದ ಹಾಳೆಯ ಲೆಕ್ಕವನ್ನೇ ಈಗಲೂ ಬಳಸುತ್ತಾರೆ.

ಓದಬೇಕು ಅನ್ನಿಸಿದರೆ ಮಿಶ್ನಾದ ಇಂಗ್ಲಿಷ್ ಅನುವಾದ ಸೆಫಾರಿಯಾ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಮಿಶ್ನಾದ ಮೊದಲ ಭಾಗ ‘ಬೆರಖೋತ್’ನ ಮೊದಲ ಅಧ್ಯಾಯದಿಂದ ಶುರು ಮಾಡಿ, ಆಮೇಲೆ ‘ಎದುಯೋತ್’ ಮೊದಲ ಅಧ್ಯಾಯಕ್ಕೆ ಹೋಗಿ.